ಹುಡುಗ್ರು ತಾವಾ ವಿಚಾರ ಮಾಡಿ ಕಲಿಯೂ ಸಾಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾ ವಿಜಯಪುರ ಜಿಲ್ಲಾದಾಗ ಒಂದ್ ಸರ್ಕಾರಿ ಹಿರಿಯ ಪ್ರಾಥಮಿಕ ಸಾಲ್ಯಾಗ ಕಲಸ್ತೀನಿ. ಪಾಲಕರ ಸಭಾದಾಗ, ಚಾದಂಗಡಿ ಮುಂದ, ವಾಟ್ಸಾಪಿನ್ಯಾಗ, ಎಲ್ಲಿ ಹೋದ್ರೂ ಇವ ಪ್ರಶ್ನೆ ತಿರುಗಾ ಮುರುಗಾ ಬರ್ತಾವ, ಅದಕ ಒಂದ ಕಡೆ ಬರೆದಿಟ್ಟೀನಿ. ಕೆಲವು ಪಾಲಕರು ಕೇಳಿದ್ದು, ಕೆಲವು ಹೊಸದಾಗಿ ನೌಕರಿಗೆ ಬಂದ ಮಾಸ್ತರು, ಅಕ್ಕೋರು ಕೇಳಿದ್ದು. ನಿಮಗ ಬೇಕಾದ್ದು ಓದ್ರಿ, ಉಳಿದದ್ದು ಬಿಡ್ರಿ.

"ವಿದ್ಯಾರ್ಥಿ ಕೇಂದ್ರಿತ ಕಲಿಕೆ" ಅಂತ ಎಲ್ಲಾರೂ ಹೇಳ್ತಾರ, ಸರಳ ಹೇಳ್ರಿ, ಏನದು?

ಕ್ಲಾಸಿನ್ಯಾಗ ತಲಿ ಓಡಸೂ ಕೆಲಸ ಯಾರು ಮಾಡ್ತಾರ ಅನ್ನೂದು ನೋಡ್ರಿ, ಅಷ್ಟ. ಮಾಸ್ತರು ಬೋರ್ಡಿನ ಮ್ಯಾಲ ಲೆಕ್ಕ ಬಿಡಿಸಿದ್ರು, ಹುಡುಗ್ರು ನೋಟ್‌ಬುಕ್ಕಿಗೆ ಇಳಿಸ್ಕೊಂಡ್ರು ಅಂದ್ರ ತಲಿ ಓಡಿಸಿದವರು ಮಾಸ್ತರು, ಹುಡುಗ್ರು ಬರೇ ಕೈ ಓಡಿಸ್ಯಾರ. ಅದೇ ಲೆಕ್ಕ ಮೊದಲ ಹುಡುಗ್ರ ಮುಂದ ಇಟ್ಟು, ಅವರು ಎರಡು ಮೂರು ನಮೂನಿ ಪ್ರಯತ್ನ ಮಾಡಿ, ಒಬ್ಬರಿಗೊಬ್ಬರು "ನಿಂದು ಹೆಂಗ ಬಂತು" ಅಂತ ಕೇಳಿ, ಆಮ್ಯಾಲ ಮಾಸ್ತರು ಯಾವುದು ಸರಿ, ಯಾಕ ಸರಿ ಅಂತ ತೋರಿಸಿದ್ರ ಅದು ವಿದ್ಯಾರ್ಥಿ ಕೇಂದ್ರಿತ. ಪಾಠ ಅದ, ಪುಸ್ತಕ ಅದ, ಮಾಸ್ತರೂ ಅವರ. ಬಣ್ಣದ ಚಾರ್ಟು, ದುಂಡಗಿನ ಟೇಬಲ್ಲು, ಸ್ಮಾರ್ಟ್ ಬೋರ್ಡು ಇದ್ರ ಚಲೋ, ಇರದಿದ್ರ ಏನೂ ಕೆಡಂಗಿಲ್ಲ.

ಹಂಗಾರ ಮಾಸ್ತರು ಏನ್ ಮಾಡ್ತಾರ? ಪಗಾರ ತಗೊಂಡು ಕುರ್ಚಿ ಮ್ಯಾಲ ಕುಂದ್ರತಾರೇನು?

ಈ ಪ್ರಶ್ನೆ ಎಸ್‌ಡಿಎಂಸಿ (ಸಾಲಿ ಅಭಿವೃದ್ಧಿ, ಮೇಲುಸ್ತುವಾರಿ ಸಮಿತಿ) ಸಭಾದಾಗ ಖಾಯಂ ಬರ್ತೈತಿ, ಕೇಳಬೇಕಾದ ಪ್ರಶ್ನೆನ ಇದು. ಖರೇ ಹೇಳಬೇಕಂದ್ರ ಪಾಠ ಓದಿ ಹೇಳಿ ಮುಗಿಸೂದು ಹಗುರ ಕೆಲಸ. ಇದು ಭಾರ. ಯಾವ ಪ್ರಶ್ನೆ ಕೇಳಿದ್ರ ಹುಡುಗ್ರು ಎಲ್ಲಿ ತಪ್ತಾರ ಅನ್ನೂದು ಮೊದಲ ಗೊತ್ತಿರಬೇಕು, ಅರ್ಧಕ್ಕ ಸಿಕ್ಕೊಂಡ ಹುಡುಗಗ ಉತ್ತರ ಹೇಳದ ಒಂದ್ ಹೆಜ್ಜಿ ಮುಂದ ದೂಡಬೇಕು, ಲಗೂನ ಮುಗಿಸಿದವಗ ಮುಂದಿಂದು ತಯಾರ ಇಡಬೇಕು, ಹಿಂದ ಉಳಿದವ ನಾಚ್ಕೊಳ್ಳದಂಗ ನೋಡ್ಕೋಬೇಕು. ಇಷ್ಟೆಲ್ಲಾ ಒಂದ ಪಿರಿಯಡ್ಡಿನ್ಯಾಗ.

"ಮಕ್ಕಳು ತಾವಾ ಕಲೀತಾವ ಬಿಡ್ರಿ" ಅಂತ ಬಿಟ್ಟುಬಿಡೂದು ಬ್ಯಾರೆ ಮಾತು, ಅದನ್ನ ನಾ ಒಪ್ಪಂಗಿಲ್ಲ. 2006ರಾಗ ಕಿರ್ಷ್‌ನರ್, ಸ್ವೆಲ್ಲರ್, ಕ್ಲಾರ್ಕ್ ಅನ್ನೋ ಮೂರು ಮಂದಿ ಸಂಶೋಧಕರು ಒಂದ್ ಲೇಖನ ಬರೆದು ಭಾಳ ಚರ್ಚಾ ಎಬ್ಬಿಸಿದ್ರು. ಹೊಸಾ ವಿಷಯ ಕಲಿಯಾಕ ಹತ್ತಿದವರಿಗೆ ದಾರಿ ತೋರಿಸದ ಬಿಟ್ರ ತಲಿ ಮ್ಯಾಲ ಹೊರಿ ಹೆಚ್ಚಾಗ್ತೈತಿ, ಕಲಿಯೂದು ಕಡಿಮಿ ಆಗ್ತೈತಿ ಅಂತ ಅವರ ವಾದ. ನನಗ ಅದು ಒಪ್ಪಿಗಿ ಐತಿ, ಅದರಾಗೂ ಓದಾಕ ಬರೆಯಾಕ ಈಗರ ಶುರು ಮಾಡಿದ ಮಕ್ಕಳಿಗೆ. ಅಕ್ಷರದ ಶಬ್ದ ಹೇಳ್ಕೊಡಬೇಕು, ಭಾಗಾಕಾರದ ಹಂತ ಬಿಡಿಸಿ ತೋರಿಸಬೇಕು, ಅದನ್ನ "ನೀನ ಕಂಡುಹಿಡಿ" ಅನ್ನಾಕ ಆಗಂಗಿಲ್ಲ. ಕೈ ಹಿಡಿಯೂದು ಎಲ್ಲಿ, ಬಿಡೂದು ಎಲ್ಲಿ, ಇದನ್ನ ನೋಡಿ ಗೊತ್ತ ಹಿಡಿಯೂದ ಮಾಸ್ತರ ಕಸಬು.

ನಾಳಿಯಿಂದ ಶುರು ಮಾಡ್ಬೇಕಂದ್ರ ಮೊದಲ ಏನ್ ಮಾಡ್ಲಿ? (ಹೊಸಾ ಮಾಸ್ತರೊಬ್ಬರು ಕೇಳಿದ್ದು)

ಪ್ರಶ್ನೆ ಕೇಳಿ ಸುಮ್ನ ನಿಂದ್ರೂದು ಕಲೀರಿ. ನಗಬ್ಯಾಡ್ರಿ, ಇದು ಭಾಳ ತ್ರಾಸಿನ ಕೆಲಸ. ಅಮೆರಿಕಾದಾಗ ಮೇರಿ ಬಡ್ ರೋ ಅನ್ನೋ ಸಂಶೋಧಕಿ 1970ರ ದಶಕದಾಗ ಕ್ಲಾಸ್‌ರೂಮಿನ ಮಾತು ರೆಕಾರ್ಡ್ ಮಾಡಿ ಕೇಳಿದ್ರ, ಟೀಚರ್ ಪ್ರಶ್ನೆ ಕೇಳಿ ಸರಾಸರಿ ಒಂದ ಸೆಕೆಂಡ್ ಕಾಯ್ತಿದ್ರಂತ, ಆಮ್ಯಾಲ ತಾವ ಉತ್ತರ ಹೇಳೂದು, ಇಲ್ಲಾ ಮತ್ತೊಬ್ಬನ್ನ ಎಬ್ಬಿಸೂದು. ಅದನ್ನ ಮೂರು ಸೆಕೆಂಡಿಗೆ ಎಳೆದ್ರ ಉತ್ತರ ಉದ್ದ ಆದ್ವು, "ಗೊತ್ತಿಲ್ಲ" ಅನ್ನೂದು ಕಡಿಮಿ ಆತು, ಸುಮ್ನ ಕುಂದ್ರೂ ಮಕ್ಕಳೂ ಮಾತಾಡಿದ್ವು. ನಿಮ್ಮ ಕ್ಲಾಸಿನ್ಯಾಗ ಮಾಡಿ ನೋಡ್ರಿ, ಮೂರು ಸೆಕೆಂಡ್ ಅಂದ್ರ ಎಷ್ಟ್ ಉದ್ದ ಅಂತ ಗೊತ್ತಾಗ್ತೈತಿ, ಮುಂದಿನ ಬೆಂಚಿನವ ಕೈ ಎತ್ತಿ "ಸರ್ ನಾ ಸರ್ ನಾ" ಅಂತಿರ್ತಾನ, ನಮ್ಮ ಬಾಯಿ ತುರಸ್ತಿರ್ತೈತಿ, ಆದ್ರೂ ತಡೀಬೇಕು.

ಎರಡನೇದು, ಕೈ ಎತ್ತಿದವನ್ನ ಅಷ್ಟ ಕೇಳಬ್ಯಾಡ್ರಿ. ಎಲ್ಲಾರ ಹೆಸರು ಚೀಟಿ ಬರೆದು ಡಬ್ಬಿಗೆ ಹಾಕ್ರಿ, ಪ್ರಶ್ನೆ ಕೇಳಿ ಕಾದ ಮ್ಯಾಲ ಒಂದ್ ಚೀಟಿ ಎತ್ರಿ. ಯಾರ ಹೆಸರು ಬರ್ತದೋ ಏನೋ ಅಂತ ಎಲ್ಲಾರೂ ವಿಚಾರ ಮಾಡಾಕ ಹತ್ತತಾರ.

ಇದು ಫಾರಿನ್ ಪದ್ಧತಿ ಅಲ್ಲೇನ್ರಿ, ನಮ್ಮ ಹಳ್ಳಿಗೆ ಹೊಂದ್ತೈತೇನು?

ಅಲ್ಲೂ ಇತ್ತು, ಇಲ್ಲೂ ಇತ್ತು. ಜಾನ್ ಡ್ಯೂಯಿ 1896ರಾಗ ಶಿಕಾಗೋದಾಗ ಪ್ರಯೋಗ ಸಾಲಿ ತೆಗೆದ್ರು, ಮಾರಿಯಾ ಮಾಂಟೆಸ್ಸರಿ 1907ರಾಗ ರೋಮಿನ ಬಡವರ ಓಣ್ಯಾಗ ಮಕ್ಕಳ ಮನಿ ಶುರು ಮಾಡಿದ್ರು, ಅವರ 1939ರಾಗ ಮದ್ರಾಸಿಗೆ ಬಂದು ನಮ್ಮವರಿಗೆ ತರಬೇತಿ ಕೊಟ್ರು. ಅದಕಿಂತ ಮೊದಲ ಗುಜರಾತಿನ ಭಾವನಗರದಾಗ ಗಿಜುಭಾಯಿ ಬಧೇಕಾ ವಕೀಲಿ ಬಿಟ್ಟು 1920ರಾಗ ಬಾಲಮಂದಿರ ತೆಗೆದಿದ್ರು. 1937ರಾಗ ವಾರ್ಧಾದಾಗ ಗಾಂಧೀಜಿ ಕೈಕಸಬು ಹಿಡಿದು ಕಲಸೂ ನಯೀ ತಾಲೀಮಿನ ವಿಚಾರ ಮುಂದಿಟ್ರು. ಇನ್ನ ನಮ್ಮ ವಿಜಯಪುರದ ಫ.ಗು. ಹಳಕಟ್ಟಿಯವರನ್ನ ನೋಡ್ರಿ, ವಕೀಲರು, ಯಾರೂ ಸಿಲೆಬಸ್ ಕೊಟ್ಟಿರಲಿಲ್ಲ, ಊರೂರು ತಿರುಗಿ ತಾಳೆಗರಿ ಕೂಡಿಸಿ, ಹೋಲಿಸಿ ನೋಡಿ ವಚನ ಅಚ್ಚು ಹಾಕಿಸಿದ್ರು. ತಾನಾಗಿ ಕಲಿಯೂದಕ್ಕ ಇದಕಿಂತ ದೊಡ್ಡ ಉದಾಹರಣಿ ನನಗ ಗೊತ್ತಿಲ್ಲ. ಹೊಂದ್ತೈತೇನು ಅನ್ನೂ ಮಾತೇ ಬ್ಯಾಡ್ರಿ.

ನಲಿ-ಕಲಿ ಅಂದ್ರ ಇದೇ ಏನು? ನಮ್ಮ ಹುಡುಗಿ ಒಂದನೇತ್ತಾ, ದಿನಾ ಕಾರ್ಡ್ ಹಿಡ್ಕೊಂಡು ಆಡ್ತಾಳಂತ, ಕಲಿಯೂದು ಯಾವಾಗ?

ಹೌದು, ಸರ್ಕಾರಿ ಸಾಲ್ಯಾಗ ಇದರ ದೊಡ್ಡ ರೂಪ ನಲಿ-ಕಲಿ. 1995ರಾಗ ಮೈಸೂರ ಜಿಲ್ಲಾದ ಎಚ್.ಡಿ. ಕೋಟಿ ತಾಲ್ಲೂಕಿನ್ಯಾಗ ಯುನಿಸೆಫ್ ನೆರವಿನಿಂದ ಶುರುವಾತು, ಆಂಧ್ರದ ರಿಷಿವ್ಯಾಲಿಯವರು ಹಳ್ಳಿ ಸಾಲ್ಯಾಗ ಮಾಡಿದ್ದನ್ನ ನೋಡಿ ಬಂದ ಮಾಸ್ತರು ಕಟ್ಟಿದ್ದು. 2009-10ರಿಂದ ರಾಜ್ಯದ ಎಲ್ಲಾ ಸರ್ಕಾರಿ ಕನ್ನಡ ಸಾಲಿಗೂ ಬಂತು. ಒಂದರಿಂದ ಮೂರನೇತ್ತಾ ಮಕ್ಕಳು ಒಂದ ಕೋಣ್ಯಾಗ ಕೂಡಿ ಕುಂದ್ರತಾವ. ಗ್ವಾಡಿ ಮ್ಯಾಲಿನ ಕಲಿಕಾ ಏಣಿ ನೋಡ್ರಿ, ಅದರ ಒಂದೊಂದು ಮೆಟ್ಟಲಿಗೆ ಒಂದೊಂದು ಕಾರ್ಡು, ಮಗು ತಾನಾ ಹೋಗಿ ತನ್ನ ಮುಂದಿನ ಕಾರ್ಡ್ ಹುಡುಕಿ ತಗೋತೈತಿ. ಕೆಲವು ಕಾರ್ಡಿಗೆ ಮಾಸ್ತರ ಸಹಾಯ ಬೇಕು, ಕೆಲವಕ್ಕ ಗೆಳೆಯರ ಸಹಾಯ ಸಾಕು, ಕೆಲವು ತಾನ ಮಾಡೂದು. ಅದಕ್ಕ ತಕ್ಕಂಗ ಗುಂಪಿನ ತಟ್ಟಿ ಹತ್ರ ಹೋಗಿ ಕುಂದ್ರತಾವ.

ನಮ್ಮ ಕಡೆ ಇದರ ಉಪಯೋಗ ಎಲ್ಲಿ ಕಾಣ್ತೈತಿ ಅಂದ್ರ ಗುಳೆ ಹೋಗೂ ಮನಿ ಮಕ್ಕಳಾಗ. ಅವ್ವ ಅಪ್ಪ ಕಬ್ಬು ಕಡಿಯಾಕ ಇಲ್ಲಾ ಗೋವಾಕ್ಕ ದುಡಿಯಾಕ ಹೋದ್ರು, ಹುಡುಗಿ ಎರಡು ತಿಂಗಳು ಸಾಲಿ ಬಿಟ್ಲು, ತಿರುಗಿ ಬಂದಾಗ ಎಲ್ಲಾರ ಜೋಡಿ ಹನ್ನೆರಡನೇ ಪಾಠಕ್ಕ ಕುಂದ್ರಸಿದ್ರ ಆಕಿಗೆ ಏನೂ ತಿಳಿಯಂಗಿಲ್ಲ. ನಲಿ-ಕಲಿಯಾಗ ಆಕಿ ಬಿಟ್ಟ ಮೆಟ್ಟಲಿಂದಾನ ಹತ್ತತಾಳ. ಕೊರತಿ ಇಲ್ಲಂತಲ್ಲ: ಕಾರ್ಡ್ ಹರಿದಿರ್ತಾವ, ಹೊಸಾ ಸೆಟ್ ತಡಾ ಆಗ್ತೈತಿ, ಮಾಸ್ತರಿಗೆ ಸಾಲಿ ಕೆಲಸದಕಿಂತ ಆನ್‌ಲೈನ್ ಎಂಟ್ರಿ ಕೆಲಸ ಹೆಚ್ಚಾಗೇತಿ, ಹಂಗಾದಾಗ ನೀವು ಹೇಳಿದಂಗ ಬರೇ ಆಟ ಆಗಿಬಿಡ್ತೈತಿ. ಒಂದ್ ದಿನ ಸಾಲಿಗೆ ಬಂದು ನಿಮ್ಮ ಹುಡುಗಿ ಯಾವ ಮೆಟ್ಟಲಿನ್ಯಾಗ ಅದಾಳ ಅಂತ ಆಕಿನ್ನ ಕೇಳ್ರಿ, ಬಟ್ಟು ಮಾಡಿ ತೋರಿಸ್ತಾಳ. ತೋರಿಸಲಿಲ್ಲಂದ್ರ ನಮ್ಮನ್ನ ಕೇಳ್ರಿ.

ಮಗ್ಗಿ ಬಾಯಿಪಾಠ ಬ್ಯಾಡೇನು?

ಬೇಕು. ಯಾರು ಬ್ಯಾಡಂದ್ರು? ಏಳು ಎಂಟಲೆ ಎಷ್ಟು ಅಂತ ಬೆರಳು ಎಣಿಸ್ಕೋತ ಕುಂತ್ರ ಭಿನ್ನರಾಶಿ ವಿಚಾರ ಮಾಡಾಕ ತಲ್ಯಾಗ ಜಾಗಾ ಉಳಿಯಂಗಿಲ್ಲ. ಆದ್ರ ಏಳು ಎಂಟಲೆ ಅಂದ್ರ ಎಂಟರ ಏಳು ಸಾಲು ಅಂತ ಒಮ್ಮಿ ಕಾಳು ಹಚ್ಚಿ ನೋಡಿರಬೇಕು, ಅಂದ್ರ ಮರ್ತಾಗ ಏಳು ಏಳಲೆ ನಲವತ್ತೊಂಬತ್ತಕ್ಕ ಏಳು ಕೂಡಿಸಿ ತಾನಾ ತಗೀತಾನ.

ಬಾಯಿಪಾಠದ ಬಗ್ಗೆ ಇನ್ನೊಂದು ಹೇಳ್ತೀನಿ. ಒಂದ ಪಾಠ ನಾಕು ಸಲ ಓದೂದಕಿಂತ ಒಮ್ಮಿ ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದು ಬರಿಯೂದು ಹೆಚ್ಚು ದಿನ ತಲ್ಯಾಗ ಉಳೀತೈತಿ. 2006ರಾಗ ರೋಡಿಗರ್, ಕಾರ್ಪಿಕೆ ಅನ್ನೋರು ಕಾಲೇಜ್ ಹುಡುಗ್ರ ಮ್ಯಾಲ ಇದನ್ನ ನೋಡ್ಯಾರ. ಐದು ನಿಮಿಷದ ಮ್ಯಾಲ ಪರೀಕ್ಷಾ ಮಾಡಿದ್ರ ತಿರುಗಾ ಮುರುಗಾ ಓದಿದವರ ಮುಂದ, ಒಂದ್ ವಾರ ಬಿಟ್ಟು ಮಾಡಿದ್ರ ನೆನಪು ಮಾಡಿ ಬರೆದವರು ಮುಂದ. ಓದಿದ ದಿನ ರಾತ್ರಿ "ಎಲ್ಲಾ ಬರ್ತೈತಿ" ಅನ್ನಿಸಿ ಪರೀಕ್ಷಾದಾಗ ಮರೆಯೂದು ಇದಕ್ಕ.

ನವೋದಯ, ಸೈನಿಕ ಶಾಲಿ, ಕಿತ್ತೂರು, ಮೊರಾರ್ಜಿ ವಸತಿ ಸಾಲಿ ಪರೀಕ್ಷಾ ಹೆಂಗ ಪಾಸಾಗ್ತಾರ್ರಿ ಮತ್ತ? ಕೋಚಿಂಗಿಗೆ ಹಾಕೂದ ಚಲೋ ಅಲ್ಲೇನು?

ವಿಜಯಪುರದವರು ಈ ಪ್ರಶ್ನೆ ಕೇಳದ ಇರಂಗಿಲ್ಲ. ಊರಾಗ ಯಾವ ಓಣಿಗೆ ಹೋದ್ರೂ ಕೋಚಿಂಗ್ ಬೋರ್ಡ್, ಸಿಲೆಕ್ಟ್ ಆದ ಹುಡುಗ್ರ ಫೋಟೋ ಹಾಕಿದ ಫ್ಲೆಕ್ಸು, ಐದನೇತ್ತಾ ಹುಡುಗನ್ನ ಹಾಸ್ಟೆಲಿನ್ಯಾಗ ಇಟ್ಟು ಬೆಳಿಗ್ಗಿ ಐದಕ್ಕ ಎಬ್ಬಿಸಿ ಓದಿಸ್ತಾರ. ಪಾಲಕರ ಮ್ಯಾಲ ನನಗ ಸಿಟ್ಟಿಲ್ಲ, ನವೋದಯದಾಗ ಸೀಟು ಸಿಕ್ರ ಹನ್ನೆರಡನೇತ್ತಾ ತನಾ ಊಟ, ವಸತಿ, ಸಾಲಿ ಎಲ್ಲಾ ಆಗ್ತೈತಿ, ಎರಡ ಎಕರೆ ಒಣಬೇಸಾಯದ ಮನಿಗೆ ಅದು ಸಣ್ಣ ಮಾತಲ್ಲ.

ಆದ್ರ ಪರೀಕ್ಷಾದಾಗ ಏನೈತಿ ಅನ್ನೂದು ನೋಡ್ರಿ. ನವೋದಯ ಆರನೇತ್ತಾ ಪ್ರವೇಶ ಪರೀಕ್ಷಾ ಎರಡು ತಾಸು, 80 ಪ್ರಶ್ನೆ, 100 ಅಂಕ. ಅದರಾಗ 40 ಪ್ರಶ್ನೆ, 50 ಅಂಕ ಮಾನಸಿಕ ಸಾಮರ್ಥ್ಯಕ್ಕ, ಅಂದ್ರ ಆಕೃತಿ ನೋಡಿ ಮುಂದಿಂದು ಯಾವುದು, ಬ್ಯಾರೆ ಯಾವುದು, ಕನ್ನಡ್ಯಾಗ ಹೆಂಗ ಕಾಣ್ತೈತಿ ಅಂಥಾವು. ಉಳಿದ 20 ಲೆಕ್ಕ, 20 ಭಾಷಾ, ಭಾಷಾ ಅಂದ್ರೂ ಹೊಸಾ ಪರಿಚ್ಛೇದ ಓದಿ ಉತ್ತರ ಹಚ್ಚೂದು. ಇದರಾಗ ಬಾಯಿಪಾಠ ಮಾಡಿ ಗೆಲ್ಲೂದು ಭಾಳ ಕಡಿಮಿ ಐತಿ. ಕೋಚಿಂಗಿನವರು ಮಾಡಸೂದು ಏನಂದ್ರ ಅಂಥಾ ಸಾವಿರಾರು ಲೆಕ್ಕ ಬಿಡಿಸಿ ರೂಢಿ ಮಾಡಸೂದು. ರೂಢಿ ಬೇಕು, ಟೈಮ್ ಇಟ್ಟು ಹಳೇ ಪೇಪರ್ ಬಿಡಿಸಬೇಕು, ಒಎಂಆರ್ (ಉತ್ತರದ ಗೋಲ ತುಂಬೂ ಹಾಳಿ) ತುಂಬೂದು ಕಲಿಬೇಕು, ಅದಕ್ಕ ಕೆಲವು ತಿಂಗಳು ಸಾಕು. ಮೂರನೇತ್ತಾದಿಂದ ಶುರು ಮಾಡಿ ಹುಡುಗನ ಆಟ, ಕಥಿ ಪುಸ್ತಕ, ಅಜ್ಜಿ ಮನಿ ಎಲ್ಲಾ ಕಸಗೊಳ್ಳೂದು ಬ್ಯಾಡ. ಇನ್ನೊಂದ್ ಮಾತು, ಒಂದ್ ನವೋದಯಕ್ಕ ಹೆಚ್ಚಂದ್ರ 80 ಸೀಟು, ಜಿಲ್ಲಾದಿಂದ ಸಾವಿರಗಟ್ಲೆ ಹುಡುಗ್ರು ಬರೀತಾರ. ಸೀಟು ಸಿಗದವರ ಸಂಖ್ಯಾನ ಹೆಚ್ಚು ಇರೂದು. ಆ ಹುಡುಗನಿಗೆ ಹತ್ತನೇ ವಯಸ್ಸಿಗೆ "ನಾ ಫೇಲ್" ಅನ್ನಿಸಿದ್ರ ಅದನ್ನ ನಾವು ಆರನೇತ್ತಾದಾಗ ಬಿಡಿಸೂದಕ್ಕ ಭಾಳ ತಿಂಗಳು ಹಿಡೀತೈತಿ.

ಎಸ್ಸೆಲ್ಸಿಗೆ ಏನ್ ಉಪಯೋಗ? ಅಲ್ಲಿ ಗೈಡಿನ ಉತ್ತರಾನ ಬರೀಬೇಕಲ್ಲ.

2024ರಾಗ ಪರೀಕ್ಷಾ ಕೇಂದ್ರಕ್ಕ ಸಿಸಿ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದ್ರು. 2023ರಾಗ ರಾಜ್ಯದ ಫಲಿತಾಂಶ ಶೇ 83.89 ಇತ್ತು, 2024ರಾಗ ಹೆಚ್ಚಿನ ಗ್ರೇಸ್ ಮಾರ್ಕ್ಸ್ ಕೊಟ್ಟ ಮ್ಯಾಲೂ ಶೇ 73.40ಕ್ಕ ಇಳೀತು. ನಾ ಇದನ್ನ ಎಲ್ಲಾ ಸಭಾದಾಗ ಹೇಳ್ತೀನಿ, ಕೆಲವರಿಗೆ ಕಹಿ ಆಗ್ತೈತಿ, ಆಗ್ಲಿ. ನಕಲು ಚೀಟಿ ಹೋತು ಅಂದ್ರ ಹುಡುಗನ ತಲ್ಯಾಗ ಏನ್ ಉಳಿದಿರ್ತೈತೋ ಅದ ಬರ್ತೈತಿ. ಪ್ರಶ್ನೆಪತ್ರಿಕೆದಾಗೂ ನೆನಪಿನ ಪ್ರಶ್ನೆ ಅಷ್ಟ ಇರಂಗಿಲ್ಲ, ಅನ್ವಯದ್ದು, ಚಿತ್ರ ಬರೆದು ವಿವರಿಸೂದು ಇರ್ತಾವ, ಗಣಿತದ ಮೂರು ನಾಕು ಅಂಕದ ಲೆಕ್ಕ ಸ್ವಲ್ಪ ತಿರುವಿ ಕೊಟ್ರ ಗೈಡ್ ಹುಡುಗ ಅಲ್ಲೇ ನಿಂದ್ರತಾನ.

ಬರೇ ಮಾತು ಬ್ಯಾಡ, ಒಂದ್ ಖರೇ ಪಾಠ ಹೆಂಗ ನಡೀತೈತಿ ಹೇಳ್ರಿ.

ಎರಡು ಹೇಳ್ತೀನಿ.

ಮೊದಲನೇದು ಏಳನೇತ್ತಾ ಗಣಿತ, ಅನುಪಾತ ಮತ್ತ ಶೇಕಡಾ. ನಮ್ಮದು ದ್ರಾಕ್ಷಿ ಸೀಮಿ, ತಿಕೋಟಾ ಕಡೆ ಹೋದ್ರ ಮಣೂಕ (ಒಣದ್ರಾಕ್ಷಿ) ಒಣಗಿಸೂ ಶೆಡ್ಡು ಸಾಲಕ ಕಾಣ್ತಾವ, ಹುಡುಗ್ರು ಸೂಟಿ ದಿನ ಅಲ್ಲೇ ಕೆಲಸಕ್ಕ ಹೋಗಿರ್ತಾರ. ಫೆಬ್ರುವರಿ ಮಾರ್ಚಿನ್ಯಾಗ ಕ್ಲಾಸಿಗೆ ಒಂದ್ ಪ್ರಶ್ನೆ: ಒಂದ್ ಕೆಜಿ ಮಣೂಕ ಮಾಡಾಕ ಎಷ್ಟ್ ಕೆಜಿ ಹಸಿ ದ್ರಾಕ್ಷಿ ಬೇಕು? ಅಂದಾಜು ಬರೀರಿ, ಮನ್ಯಾಗ ಕೇಳ್ಕೊಂಡು ಬರ್ರಿ. ಮರುದಿನ ಒಬ್ಬಾಕಿ "ನಾಕು" ಅಂದ್ಲು, ಒಬ್ಬ "ನಾಕೂವರಿ, ನಮ್ಮ ಕಾಕಾ ಹೇಳ್ಯಾನ" ಅಂದ, ಮತ್ತೊಬ್ಬ "ಐದು" ಅಂದ. ಶುರುವಾತು ಜಗಳ. ನಾ ಯಾರದು ಸರಿ ಅಂತ ಹೇಳಲಿಲ್ಲ, ಮೂರೂ ಸರಿ ಇರಾಕ ಸಾಧ್ಯ ಐತೇನು ಅಂತ ಕೇಳಿದೆ. ಸ್ವಲ್ಪ ಹೊತ್ತಾದ ಮ್ಯಾಲ ಕಡೀ ಬೆಂಚಿನ ಹುಡುಗಿ ಕೇಳಿದ್ಲು, "ಸರ್, ಸೀ ಹೆಚ್ಚಿದ್ದ ದ್ರಾಕ್ಷಿಯಾಗ ನೀರು ಕಡಿಮಿ ಇರ್ತೈತೇನ್ರಿ?" ಇದ ಇಡೀ ಪಾಠದ ಕೀಲಿ. ಸಕ್ಕರಿ ಅಂಶ ಹೆಚ್ಚಿದ್ದ ಹಣ್ಣಿಗೆ ಮಣೂಕ ಹೆಚ್ಚು ಇಳೀತಾವ, ಅದಕ್ಕ ಬೆಳೆಗಾರರು ಕಟಾವಿನ ಮೊದಲ ಸೀ ನೋಡ್ತಾರ. ಆಮ್ಯಾಲ ಗುಂಪಿಗೆ ಕಾಲ್ ಕೆಜಿ ದ್ರಾಕ್ಷಿ ತಂದು ಜಾಳಗಿ ಮ್ಯಾಲ ಹರವಿ, ಕಿರಾಣಿ ಅಂಗಡಿ ತಕ್ಕಡಿಯಾಗ ತೂಗಿ ತೂಗಿ ಬರ್ಕೊಂಡ್ರು, ಆಲೇಖ ತೆಗೆದ್ರು. ಮೊದಲ ತೂಕ ಲಗೂನ ಇಳಿದು ಆಮ್ಯಾಲ ಸಾವಕಾಶ ಆಗಿದ್ದು ಗೆರಿಯಾಗ ಕಂಡಿತು. ಶೆಡ್ಡಿನ್ಯಾಗ ಅಂದಾಜು ಹದಿನೈದು ದಿನಕ್ಕ ಒಣಗ್ತಾವ, ನಮ್ಮವು ಯಾಕ ತಡಾ? ಅಲ್ಲಿ ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತ ಡಿಪ್ಪಿಂಗ್ ಆಯಿಲ್ ನೀರಿನ್ಯಾಗ ಅದ್ದಿ ತೆಗೀತಾರ, ಹಣ್ಣಿನ ಮ್ಯಾಲಿನ ಮೇಣದ ಪದರು ಸಡಲಾಗಿ ನೀರು ಲಗೂನ ಹೊರಗ ಬರ್ತೈತಿ. ಬಿಸಲಾಗ ಹಾಕಿದ್ರ ಇನ್ನೂ ಲಗೂನ ಒಣಗ್ತಿದ್ವಲ್ಲ, ನೆರಳಾಗ ಯಾಕ ಹಾಕ್ತಾರ? ಬಿಸಲಾಗ ಕಂದು ಆಗ್ತಾವ, ನೆರಳಾಗ ಹಸರು ಬಣ್ಣ ಉಳೀತೈತಿ, ಹಸರಿಗೆ ರೇಟು. ಗಣಿತದಿಂದ ವಿಜ್ಞಾನಕ್ಕ, ಅಲ್ಲಿಂದ ಮಾರ್ಕೆಟ್ಟಿಗೆ ಹೋತು. ಪುಸ್ತಕದ ಅಭ್ಯಾಸ ಲೆಕ್ಕಾನೂ ಆಮ್ಯಾಲ ಮಾಡಿಸಿದೆ, ಅದನ್ನ ಬಿಡಂಗಿಲ್ಲ.

ಎರಡನೇದು ಗೋಳಗುಮ್ಮಟ. ಟ್ರಿಪ್ಪಿಗೆ ಹೋಗ್ತಾರ, ಮ್ಯಾಲ ಹತ್ತಿ ಕೂಗ್ತಾರ, ಸೆಲ್ಫಿ ತಗೋತಾರ, ಇಳೀತಾರ. ಹೈಸ್ಕೂಲಿನ ಗೆಳೆಯ ಮಾಸ್ತರೊಬ್ರು ಒಂಬತ್ತನೇತ್ತಾ ಹುಡುಗ್ರನ್ನ ಕರ್ಕೊಂಡು ಹೋಗೂ ಮೊದಲ ಕ್ಲಾಸಿನ್ಯಾಗ ಲೆಕ್ಕ ಹಾಕಿಸ್ತಾರ. ಪ್ರತಿಧ್ವನಿ ಬ್ಯಾರೆ ಕೇಳಬೇಕಂದ್ರ ಎರಡು ಶಬ್ದದ ನಡುವ ಕನಿಷ್ಠ 0.1 ಸೆಕೆಂಡ್ ಬೇಕು, ಶಬ್ದದ ವೇಗ ಸೆಕೆಂಡಿಗೆ 344 ಮೀಟರ್, ಅಂದ್ರ ಗ್ವಾಡಿ 17.2 ಮೀಟರಕಿಂತ ದೂರ ಇರಬೇಕು, ಇದು ಪುಸ್ತಕದಾಗ ಐತಿ. ಗುಮ್ಮಟದ ಒಳ ವ್ಯಾಸ ಅಂದಾಜು 38 ಮೀಟರ್. ಎದುರಿನ ಗ್ವಾಡಿಗೆ ಹೋಗಿ ಬರೂದು 76 ಮೀಟರ್, ಭಾಗಿಸಿದ್ರ ಸುಮಾರು 0.22 ಸೆಕೆಂಡ್. ಕೇಳಬೇಕು ಹಂಗಾರ! ಇದನ್ನ ಮಾಡ್ಕೊಂಡು ಹೋದ ಹುಡುಗ್ರು ಮ್ಯಾಲ ನಿಂತು ಕೂಗೂದ ಬ್ಯಾರೆ. ಚಪ್ಪಾಳಿ ತಟ್ಟಿ ಎಷ್ಟ್ ಸಲ ಕೇಳ್ತೈತಿ ಅಂತ ಒಬ್ಬೊಬ್ಬರು ಎಣಿಸ್ತಾರ, ಎಣಿಕಿ ಕೂಡಂಗಿಲ್ಲ, ಯಾಕ ಕೂಡಂಗಿಲ್ಲ ಅಂತ ಇಳಿಯೂ ತನಾ ವಾದ. ಉಳಿದ ಪ್ರವಾಸಿಗರ ಗದ್ದಲದಾಗ ಯಾರ ಎಣಿಕಿನೂ ನಂಬೂ ಹಂಗಿಲ್ಲ ಅನ್ನೂದು ಅವರ ತೀರ್ಮಾನ. ಪಿಸುಮಾತು ಎದುರಿನ ಕಡೆ ಹೆಂಗ ಕೇಳ್ತೈತಿ ಅನ್ನೂದು ಮತ್ತೊಂದ್ ಪಾಠ, ಅದು ದುಂಡ ಗ್ವಾಡಿಗುಂಟ ಜಾರ್ಕೋತ ಹೋಗ್ತೈತಿ.

ಐವತ್ತು ಅರವತ್ತು ಹುಡುಗ್ರು ಇದ್ರ ಇದೆಲ್ಲಾ ಆಗ್ತೈತೇನ್ರಿ?

ಪ್ರಯೋಗ ಕಠಿಣ, ಮಾತು ಆಗ್ತೈತಿ. 1981ರಾಗ ಫ್ರಾಂಕ್ ಲೈಮನ್ ಅನ್ನೋರು ಹೇಳಿದ ಒಂದ್ ಸರಳ ಪದ್ಧತಿ ಐತಿ. ಪ್ರಶ್ನೆ ಕೊಡ್ರಿ, ಒಂದ್ ನಿಮಿಷ ಎಲ್ಲಾರೂ ಸುಮ್ನ ವಿಚಾರ ಮಾಡ್ಲಿ, ಆಮ್ಯಾಲ ಬಾಜೂದವರ ಜೋಡಿ ಎರಡು ನಿಮಿಷ ಮಾತಾಡ್ಲಿ, ಆಮ್ಯಾಲ ನಾಕೈದು ಜೋಡಿ ಎಲ್ಲಾರಿಗೂ ಹೇಳ್ಲಿ. ಬೆಂಚ್ ಸರಿಸೂದು ಬ್ಯಾಡ, ರೊಕ್ಕ ಬ್ಯಾಡ. ಅರವತ್ತು ಹುಡುಗ್ರಾಗ ಎಲ್ಲಾರೂ ಒಮ್ಮೆರೆ ಬಾಯಿ ಬಿಟ್ಟಿರ್ತಾರ. ಒಬ್ಬರ ಮಾಸ್ತರು ಇದ್ದ ಸಾಲಿಗೆ ಮಾತ್ರ ನನ್ನ ಹತ್ರ ಚಲೋ ಉತ್ತರ ಇಲ್ಲ, ಅಲ್ಲಿ ಬೇಕಾಗಿದ್ದು ಇನ್ನೊಬ್ಬ ಮಾಸ್ತರು, ಪದ್ಧತಿ ಅಲ್ಲ.

ಗದ್ದಲ ಆಗ್ತೈತಿ, ಹೆಡ್‌ಮಾಸ್ತರು ಬೈತಾರ.

ಆಗ್ತೈತಿ. ಬಾಗಲಾ ಹಾಕ್ಕೋರಿ. ಹೆಡ್‌ಮಾಸ್ತರನ್ನ ಒಮ್ಮಿ ಒಳಗ ಕರೆದು ಯಾವರೆ ಒಂದ್ ಗುಂಪಿನ ಹತ್ರ ಕುಂದ್ರಸ್ರಿ, ಹುಡುಗ್ರು ಏನ್ ಮಾತಾಡಾಕ ಹತ್ಯಾರ ಅಂತ ಅವರ ಕೇಳ್ಲಿ. ಸಿನಿಮಾ ಮಾತು ಇದ್ರ ಬೈಲಿ.

ಪ್ರಾಜೆಕ್ಟ್ ಅಂತ ಕೊಡ್ತೀರಿ, ರಾತ್ರಿ ಹನ್ನೊಂದಕ್ಕ ಚಾರ್ಟ್ ಅಂಗಡಿ ಹುಡುಕೂದು ನಾವು. ಇದೇನ್ ಸ್ವತಂತ್ರ ಕಲಿಕೆ?

ನಿಮ್ಮ ಸಿಟ್ಟು ಸರಿ ಐತಿ. ಥರ್ಮಾಕೋಲಿನ ಜ್ವಾಲಾಮುಖಿ, ಝೆರಾಕ್ಸ್ ಅಂಗಡಿಯಿಂದ ಪ್ರಿಂಟ್ ತೆಗೆಸಿ ಹಚ್ಚಿದ ಫೋಟೋ, ಅವ್ವನ ಅಕ್ಷರ, ಇದಕ್ಕ ರೂಪಣಾತ್ಮಕ ಪರೀಕ್ಷಾದಾಗ ಅಂಕ ಕೊಡೂದು ನಮ್ಮ ಇಲಾಖೆದ ಎಲ್ಲಾರಿಗೂ ಗೊತ್ತಿದ್ದ ಗುಟ್ಟು. ಇದನ್ನ ಪ್ರಾಜೆಕ್ಟ್ ಅನ್ನಬಾರದು. ಮನಿಗೆ ಕೊಡೂ ಕೆಲಸ ರೊಕ್ಕ ಬೇಡಬಾರದು, ದೊಡ್ಡವರ ಕೈ ಬೇಡಬಾರದು. "ನಿಮ್ಮ ಓಣ್ಯಾಗ ನಳದ ನೀರು ಯಾವ ದಿನ ಬರ್ತೈತಿ, ಎಷ್ಟ್ ಹೊತ್ತು ಬರ್ತೈತಿ, ಒಂದ್ ವಾರ ಬರೆದಿಡು", "ಅಜ್ಜಗ ಕೇಳು, ಮೊದಲ ಹಿಂಗಾರ್ಯಾಗ ಹೊಲದಾಗ ಏನ್ ಬಿತ್ತತಿದ್ರು, ಈಗ ಯಾಕ ಬಿತ್ತಂಗಿಲ್ಲ", ಇಂಥಾವು. ಹಳೇ ನೋಟ್‌ಬುಕ್ಕಿನ ಹಾಳಿ ಮ್ಯಾಲ ವಾಂಕಡ ಅಕ್ಷರದಾಗ ಬರೆದ್ರೂ ನಡೀತೈತಿ. ಮುಂದಿನ ಸಲ ಚಾರ್ಟ್ ಕೇಳಿದ್ರ ಮಾಸ್ತರಿಗೆ ಸೀದಾ ಹೇಳ್ರಿ.

ಪ್ರಶ್ನೆ ಕೇಳೂದ್ ಕಲಿಸಿ ಕಲಿಸಿ ಈಗ ಮನ್ಯಾಗ ನಮಗ ಎದುರುತ್ತರ ಕೊಡ್ತಾನ!

ಎದುರುತ್ತರ ಬ್ಯಾರೆ, ಪ್ರಶ್ನೆ ಬ್ಯಾರೆ. "ಯಾಕ ಅಂತ ಹೇಳು, ನಿನ್ನ ಕಾರಣ ಏನು" ಅಂತ ನೀವು ತಿರುಗಿ ಕೇಳ್ರಿ, ಕಾರಣ ಇದ್ರ ಕೇಳೂಣ, ಇಲ್ಲಂದ್ರ ತಾನಾ ಸುಮ್ನಾಗ್ತಾನ. ಬಸವನ ಬಾಗೇವಾಡಿ ಸೀಮ್ಯಾಗ ಇದ್ಕೊಂಡು ಹುಡುಗ್ರು ದೊಡ್ಡವರಿಗೆ ಪ್ರಶ್ನೆ ಕೇಳಬಾರದು ಅನ್ನೂದು ನನಗ ಒಂದ್ ನಮೂನಿ ಅನ್ನಿಸ್ತೈತಿ.

ನಾವು ಕಲಸೂ ಪ್ರಶ್ನೆ ಯಾವ ತರದ್ದು ಅಂತ ಒಂದ್ ಉದಾಹರಣಿ ಕೊಡ್ತೀನಿ. ಮಳಿಗಾಲದಾಗ ಕೃಷ್ಣಾ ತುಂಬಿ ಬಂದ್ರ ಆಲಮಟ್ಟಿ ಬಗ್ಗೆ ವಾಟ್ಸಾಪಿನ್ಯಾಗ ಏನೇನೋ ವಿಡಿಯೋ ತಿರುಗ್ತಾವ, "ಡ್ಯಾಮ್ ಒಡೀತಂತ" ಅನ್ನೂ ಮಟ್ಟಕ್ಕ. ಕ್ಲಾಸಿನ್ಯಾಗ ಅಂಥಾದ್ದೊಂದು ತಗೊಂಡು ಕೇಳ್ತೀವಿ: ವಿಡಿಯೋದಾಗ ಎಷ್ಟ್ ಗೇಟ್ ಕಾಣ್ತಾವ, ಆಲಮಟ್ಟಿಗೆ 26 ಗೇಟ್ ಅದಾವ, ಇದು ಅದ ಡ್ಯಾಮ್ ಹೌದೋ? ತಾರೀಖು ಎಲ್ಲೈತಿ? ಗರಿಷ್ಠ ಮಟ್ಟ 519.60 ಮೀಟರ್, ಇವತ್ತಿನ ಪೇಪರಿನ್ಯಾಗ ಎಷ್ಟ್ ಬರೆದಾರ? ಒಳಹರಿವು ಹೊರಹರಿವು ಎಷ್ಟು? ಯಾರು ಕಳಿಸಿದ್ರು, ಅವರಿಗೆ ಯಾರು ಕಳಿಸಿದ್ರು? ಇಷ್ಟ್ ಕೇಳಿದ ಹುಡುಗ ಮನ್ಯಾಗ ಅಪ್ಪನ ಫೋನ್ ನೋಡಿ "ಅಪ್ಪಾ, ಇದು ಫಾರ್ವರ್ಡ್ ಮಾಡಬ್ಯಾಡ" ಅಂದ್ರ ಅದನ್ನ ಎದುರುತ್ತರ ಅನ್ನಬ್ಯಾಡ್ರಿ.

ನವೆಂಬರಿನ ಹೊತ್ತಿಗೆ ಪಂಚಾಯ್ತ್ಯಾಗ ಮಕ್ಕಳ ಗ್ರಾಮಸಭಾ ಮಾಡ್ತಾರಲ್ಲ, ಅದಕ್ಕೂ ಮೊದಲ ಹಿಂಗ ತಯಾರಿ ಬೇಕು. ಮಾಸ್ತರು ಬರೆದುಕೊಟ್ಟ ಪ್ರಶ್ನೆ ಹುಡುಗಿ ಓದಿ ಕುಂತ್ರ ಪಿಡಿಒ ಸಾಹೇಬ್ರು "ಆತು, ಮಾಡೂಣ" ಅಂತಾರ. "ಶೌಚಾಲಯಕ್ಕ ನೀರಿಲ್ಲ, ಈ ತಿಂಗಳು ಇಷ್ಟ್ ದಿನ ಬಂದಿಲ್ಲ, ಇಲ್ಲಿ ಬರ್ಕೊಂಡೀವಿ ನೋಡ್ರಿ" ಅಂದ್ರ ಹಂಗ ಜಾರಸಾಕ ಬರಂಗಿಲ್ಲ.

ಹೊಡೀದಿದ್ರ ಹುಡುಗ್ರು ಕೇಳ್ತಾವೇನ್ರಿ?

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರ್ಯಾಗ ಐತಿ, ಅದರ 17ನೇ ಕಲಂ ಪ್ರಕಾರ ಹೊಡೆಯೂದು, ಮನಸ್ಸಿಗೆ ಹಿಂಸಾ ಕೊಡೂದು ಎರಡೂ ನಿಷೇಧ. 29ನೇ ಕಲಮಿನ್ಯಾಗ ಮಗು ಅಂಜಿಕಿ ಇಲ್ಲದ ತನ್ನ ಮಾತು ಹೇಳೂ ಹಂಗ ಇರಬೇಕು, ಚಟುವಟಿಕೆ, ಶೋಧನಾ ಮಾಡ್ಕೋತ ಕಲಿಬೇಕು ಅಂತ ಬರೆದಾರ. "ಸರ್, ನಾಕು ಬಾರಸ್ರಿ, ನಾವು ಏನೂ ಅನ್ನಂಗಿಲ್ಲ" ಅಂತ ಹೇಳೂ ಪಾಲಕರು ಇದನ್ನ ಓದ್ರಿ. ಅಂಜಿದ ಹುಡುಗ ತಪ್ಪು ಉತ್ತರ ಹೇಳಂಗಿಲ್ಲ, ತಪ್ಪು ಹೇಳದಿದ್ರ ಎಲ್ಲಿ ತಪ್ಪೇತಿ ಅಂತ ನಮಗ ತಿಳಿಯಂಗಿಲ್ಲ.

ಮೊಬೈಲಿನ್ಯಾಗ ಎಐ ಎಲ್ಲಾ ಉತ್ತರ ಕೊಡ್ತೈತಿ, ಇನ್ನ ಕಲಿಯೂದು ಯಾಕ?

ಉತ್ತರ ಕೊಡ್ತೈತಿ, ಒಮ್ಮೊಮ್ಮಿ ತಪ್ಪೂ ಕೊಡ್ತೈತಿ, ಅದೂ ಭಾಳ ಖಾತ್ರಿಲೆ. ನಮ್ಮ ಊರ ಜಾತ್ರಿ ಬಗ್ಗೆ ಕೇಳಿ ನೋಡ್ರಿ ಬೇಕಾರ. ದೊಡ್ಡ ಹುಡುಗ್ರಿಗೆ ನಾ ಹೇಳೂದು, ಮೊದಲ ನೀನು ಬರಿ, ಆಮ್ಯಾಲ ಅದಕ್ಕ ಕೇಳು, ಎರಡನ್ನೂ ಬಾಜೂ ಇಟ್ಟು ಎಲ್ಲಿ ಬ್ಯಾರೆ ಐತಿ, ಯಾವುದು ಸರಿ ಅಂತ ಪುಸ್ತಕದಾಗ ನೋಡು. ಮೊದಲ ಅದಕ್ಕ ಕೇಳಿದ್ರ ಇಳಿಸ್ಕೊಳ್ಳೂದ ಆತು, ಬೋರ್ಡಿನ ಬದಲಿ ಫೋನು.

ನಾವು ಸಾಲಿ ಕಲಿತಿಲ್ರಿ, ಮನ್ಯಾಗ ಹೆಂಗ ಸಹಾಯ ಮಾಡೂದು?

ಯವ್ವಾ, ನೀವು ಪಾಠ ಹೇಳ್ಕೊಡೂದು ಬ್ಯಾಡ. ರೊಟ್ಟಿ ಬಡೀಕೋತ "ಇವತ್ತ ಏನ್ ಕಲಿತಿ, ನನಗ ತಿಳಿಯೂ ಹಂಗ ಹೇಳು" ಅಂತ ಕೇಳ್ರಿ. ನಿಮಗ ತಿಳೀಲಿಲ್ಲಂದ್ರ "ತಿಳೀಲಿಲ್ಲ, ಮತ್ತೊಮ್ಮಿ ಹೇಳು" ಅನ್ರಿ, ನಾಚ್ಕೋಬ್ಯಾಡ್ರಿ, ಹೇಳಿ ತಿಳಸೂದ್ರಾಗ ಹುಡುಗ್ರಿಗೆ ತಮ್ಮದು ಎಲ್ಲಿ ಅರ್ಧ ಐತಿ ಅಂತ ಗೊತ್ತಾಗ್ತೈತಿ. ಸಂತಿಗೆ ಕರ್ಕೊಂಡು ಹೋದಾಗ ರೊಕ್ಕದ ಲೆಕ್ಕ ಹುಡುಗಿ ಕೈಗೆ ಕೊಡ್ರಿ, ಚಿಲ್ಲರ ಆಕಿನ ತಗೊಳ್ಳಲಿ. ಉತ್ತರ ತಪ್ಪಾದ್ರ ತಕ್ಷಣ ತಿದ್ದಬ್ಯಾಡ್ರಿ, "ಇನ್ನೊಮ್ಮಿ ನೋಡು" ಅನ್ರಿ. ರಾತ್ರಿ ಅರ್ಧ ತಾಸು ಟಿವಿ ಬಂದ್ ಮಾಡ್ರಿ, ಅಷ್ಟ ಸಾಕು.

ಒಂದ್ ಸಾಲಿ ಹಿಂಗ ಕಲಸ್ತೈತೋ ಇಲ್ಲೋ ಅಂತ ಹೊರಗಿನಿಂದ ಹೆಂಗ ಗೊತ್ತಾಗ್ತೈತಿ?

ಫ್ಲೆಕ್ಸ್ ನೋಡಬ್ಯಾಡ್ರಿ, "ಇಂಟರ್‌ನ್ಯಾಷನಲ್" ಅನ್ನೂ ಹೆಸರೂ ನೋಡಬ್ಯಾಡ್ರಿ. ಪಿರಿಯಡ್ ನಡೆದಾಗ ಹೋಗಿ ಹತ್ತು ನಿಮಿಷ ಕಿಟಕಿ ಹತ್ರ ನಿಂದ್ರಿ, ಮಾಸ್ತರು ಎಷ್ಟ್ ಹೊತ್ತು ಮಾತಾಡಿದ್ರು, ಹುಡುಗ್ರು ಎಷ್ಟ್ ಹೊತ್ತು. ನೋಟ್‌ಬುಕ್ ನಾಕು ತೆಗೆದು ನೋಡ್ರಿ, ಪ್ರಬಂಧ ನಾಕೂ ಅಕ್ಷರಕ್ಕ ಅಕ್ಷರ ಒಂದ ಇದ್ರ ಬೋರ್ಡಿನ ಮ್ಯಾಲಿಂದು, ನಾಕು ನಾಕು ನಮೂನಿ ಇದ್ದು ತಪ್ಪೂ ಇದ್ರ ಹುಡುಗ್ರದು. ಸಾಲಿ ಗ್ರಂಥಾಲಯದ ಕಪಾಟಿಗೆ ಕೀಲಿ ಹಾಕೇತೋ, ಕೀಲಿ ಯಾರ ಹತ್ರ ಐತಿ ಕೇಳ್ರಿ. ಒಬ್ಬ ಹುಡುಗನ್ನ ಕರೆದು "ಈ ವಾರ ನೀ ಮಾಸ್ತರಿಗೆ ಏನ್ ಪ್ರಶ್ನೆ ಕೇಳಿದಿ" ಅನ್ರಿ. ಸರ್ಕಾರಿ ಸಾಲಿ ಇದ್ರ ನೀವೂ ಎಸ್‌ಡಿಎಂಸಿ ಸಭಾಕ್ಕ ಬರಬಹುದು, ಸಭಾ ಅಂದ್ರ ಬರೇ ಬಿಸಿಯೂಟ, ಕಂಪೌಂಡು, ಸುಣ್ಣಬಣ್ಣದ ಮಾತು ಆಗ್ತಾವ, ಕಲಿಕಿ ಬಗ್ಗೆ ಯಾರೂ ಬಾಯಿ ಬಿಡಂಗಿಲ್ಲ, ನೀವು ಬಂದು ಕೇಳ್ರಿ. ನಮ್ಮ ಸಾಲಿಗೆ ಬರೂದಿದ್ರ ಬಿಸಿಯೂಟ ಮುಗಿದ ಮ್ಯಾಲಿನ ಮೊದಲ ಪಿರಿಯಡ್ಡಿಗೆ ಬರ್ರಿ, ಅವಾಗ ಹುಡುಗ್ರಿಗೆ ನಿದ್ದಿ ಬರ್ತಿರ್ತೈತಿ, ಮಾಸ್ತರ ಕಸುವು ತಿಳಿಯೂದು ಅವಾಗ.